ಕಳೆದುಹೋದ ಗ್ರಹಗಳ ವಿಚಾರಣೆ

“ಮೂರು ಗ್ರಹ ನೋಡ್ಕೋ ಅಂತ ಕೊಟ್ರ ಮೂರನ್ನೂ ಕಳಕೊಂಡು ಬಂದಾನಲ್ರೀ! ಇವನ ಕೈಗೆ ಕುರಿ ಕೊಟ್ಟಿದ್ರ ಗತಿ ಏನಾಗ್ತಿತ್ತು?”

ತುಂಬಿದ ಕಚೇರಿಯಲ್ಲಿ ಸಾಹೇಬರು ಗಹಗಹಿಸಿದರು. ಸಾಹೇಬರು ನಕ್ಕಾಗ ನಗುವುದಕ್ಕೇ ಸಂಬಳ ಪಡೆಯುವ ಗುಮಾಸ್ತರೆಲ್ಲ ನಕ್ಕರು.

ಸೌರಮಂಡಲದ ಹೊರಗ್ರಹಗಳನ್ನು ನೋಡಿಕೊಳ್ಳುವ ಖಗೋಳ ವಿಜ್ಞಾನಿ ಮಹಾಂತಯ್ಯ ಹಲ್ಲು ಕಚ್ಚಿ ನಿಂತಿದ್ದ. ಯುಗಾದಿಗೆ ನೆಪ್ಚೂನ್ ಮಾಯವಾಗಿತ್ತು, ಆಮೇಲೆ ಯುರೇನಸ್, ಮೊನ್ನೆ ಶನಿ. ಪ್ರತಿ ಸಲವೂ ಕಚೇರಿ ಮಾಡಿದ್ದು ಒಂದೇ ಕೆಲಸ: ಶಾಲೆಗಳ ಗೋಡೆಪಟದಲ್ಲಿ ಆ ಗ್ರಹದ ಮೇಲೆ ಬಿಳಿ ಕಾಗದ ಅಂಟಿಸುವುದು.

“ಸಾಹೇಬ್ರ, ಈ ಮಾಯ ಆಗೂದು ಹೊರಗಿಂದ ಒಳಗ ಬರಾಕತ್ತೈತ್ರಿ. ಭೂಮಿ ಸರದಿ ಯಾವಾಗಂತ ಲೆಕ್ಕ ಹಾಕೀನಿ. ಜನಕ್ಕ ಹೇಳಾಕ ಅಪ್ಪಣೆ ಕೊಡ್ರಿ,” ಎಂದು ಅರ್ಜಿ ಚಾಚಿದ.

ಸಾಹೇಬರು ಓದದೆಯೇ ಠಸ್ಸೆ ಒತ್ತಿ ವಾಪಸ್ ಎಸೆದರು. “ಕಳೆದ ಮ್ಯಾಲ ಬರಿಯೂ ಫಾರಂ ಐತಿ. ಕಳಿಯೂದಕ್ಕ ಮೊದ್ಲ ಬರಿಯೂದು ನಮ್ಮಲ್ಲಿಲ್ಲ. ನಿನ್ನ ವಿಚಾರಣೆ ದೀಪಾವಳಿ ಮುಗಿದ ಮ್ಯಾಲ. ಅವತ್ತು ಶನಿ ಎಲ್ಲಿ ಹೋತು ಅಂತ ಉತ್ತರ ತಗೊಂಡು ಬಾ. ತಿಳೀತೇನಲೇ?”

ಮಹಾಂತಯ್ಯ ಅರ್ಜಿಯ ಕೊನೆಯ ಸಾಲು ನೋಡಿದ. ಭೂಮಿಯ ಹೆಸರಿನ ಮುಂದೆ ಅವನೇ ಬರೆದಿದ್ದ ತಾರೀಖು ಮಹಾನವಮಿಯದು. ಕಾಗದ ಮಡಚಿ ಜೇಬಿಗಿಟ್ಟು ಮೆಟ್ಟಿಲಿಳಿದು ನಡೆದ.