ಚಂಚಲಕ್ಕೊಂದು ಉದಾಹರಣೆ

“ಈ ವಾಕ್ಯ ಅಚ್ಚಾಗೋಕೆ ನಾನು ಬಿಡಲ್ಲ, ದೊಡ್ಡಪ್ಪ!” ಕರಡು ತಿದ್ದುತ್ತಿದ್ದ ತಮ್ಮನ ಮಗಳು ಹಾಳೆಯ ಮೇಲೆ ಅಂಗೈ ಊರಿದಳು. ಅದನ್ನು ಒಯ್ಯಲು ಬಂದಿದ್ದ ಪ್ರೆಸ್ಸಿನವನು ಹೊರಗೆ ಸ್ಕೂಟರನ್ನೂ ಆರಿಸದೆ ಕಾಯುತ್ತಿದ್ದ.

ನಿಘಂಟು ಬರೆಯುವ ದೊಡ್ಡಪ್ಪನಿಗೆ ರೇಗಿತು. “ಚಂಚಲ ಅಂದ್ರೆ ಗಳಿಗೆಗೊಂದು ಮನಸ್ಸು. ಉದಾಹರಣೆ, ‘ಹೆಣ್ಣಿನ ಮನಸ್ಸು ಚಂಚಲ.’ ತಪ್ಪೇನಿದೆ? ಕವಿಗಳೂ ಹಾಗೇ ಬರೆದಿದ್ದಾರೆ.”

“ಕವಿಗಳು ಮಿಂಚನ್ನೂ ಚಂಚಲೆ ಅಂದಿದ್ದಾರೆ, ಸಂಪತ್ತನ್ನೂ ಅಂದಿದ್ದಾರೆ. ಅದನ್ನೆಲ್ಲ ಬಿಟ್ಟು ನಿಮಗೆ ನಾವೇ ಸಿಕ್ಕಿದ್ವಾ?”

ಹೋದ ವರ್ಷ, ತಾನೇ ಒಪ್ಪಿದ್ದ ಹುಡುಗ ಹೋಟೆಲಿನ ಮಾಣಿಯ ಮೇಲೆ ಕೈಯೆತ್ತಿದ್ದನ್ನು ಕಂಡು ಅವಳು ಮದುವೆ ಬೇಡವೆಂದಿದ್ದಳು. ಅಂದಿನಿಂದ ನೆಂಟರೆಲ್ಲ ಅವಳಿಗೆ ಕೊಟ್ಟಿರುವ ಬಿರುದು ಇದೇ. ಇನ್ನು ನಿಘಂಟೂ ಅವರ ಪಕ್ಷ ಸೇರಿಬಿಟ್ಟರೆ ಯಾರ ಹತ್ತಿರ ದೂರುವುದು?

ಅಷ್ಟರಲ್ಲಿ ದೊಡ್ಡಮ್ಮ ಲೋಟ ತಂದಿಟ್ಟರು. “ತಗೊಳ್ಳಿ, ಕಾಫಿ.”

“ಟೀ ಅಂದಿದ್ನಲ್ಲೇ?”

“ಟೀ ಅಂದ್ರಿ. ನೀರಿಡೋಷ್ಟರಲ್ಲಿ ಕಾಫಿ ಅಂದ್ರಿ. ಫ್ಯಾನ್ ಹಾಕು ಅಂತೀರಿ, ಹಾಕಿದ್ರೆ ಆರಿಸು ಅಂತೀರಿ. ಬೆಳಗ್ಗೆಯಿಂದ ಅಂಗಿ ಎಷ್ಟು ಸಲ ಬದಲಾಯಿಸಿದ್ರೋ ಆ ದೇವರಿಗೇ ಗೊತ್ತು. ಪಾಪ, ಈ ಹುಡುಗಿ ಬೇಡ ಅಂದಿದ್ದು ಒಂದೇ ಸಲ. ಊರೆಲ್ಲ ಆಡಿಕೊಂಡ್ರೂ ಇವತ್ತಿಗೂ ಬೇಡ ಅಂತಾನೇ ಇದ್ದಾಳೆ. ಅದಕ್ಕೇನಂತಾರೆ ನಿಮ್ಮ ನಿಘಂಟಲ್ಲಿ?”

ದೊಡ್ಡಪ್ಪ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ದೃಢ,” ಎಂದರು ಮೆಲ್ಲಗೆ. “ಅದು ಇನ್ನೂ ಮುಂದೆ ಬರುತ್ತೆ. ಅದರ ಉದಾಹರಣೆ ನೀನೇ ಬರೆದುಬಿಡು, ಮಗಳೇ.”

ಹಳೆಯ ವಾಕ್ಯಕ್ಕೆ ಗೀಟು ಹೊಡೆದು ಹೊಸದೊಂದು ಬರೆದರು: ‘ಟೀ ಕೇಳಿ ಕಾಫಿ ಬಯಸುವ ಗಂಡಸಿನ ಮನಸ್ಸು ಚಂಚಲ.’ ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳಿಂದ ಚುಚ್ಚುತ್ತಿದ್ದ ಪದ ಈಗ ಬರೀ ಒಂದು ಪದವಾಗಿತ್ತು. ಹಾಳೆ ಕಸಿದುಕೊಂಡು ಓಡಿಹೋಗಿ ಪ್ರೆಸ್ಸಿನವನ ಕೈಗಿಟ್ಟಳು.

ಸ್ಕೂಟರ್ ಬೀದಿಯ ತಿರುವು ಮುಟ್ಟುವಷ್ಟರಲ್ಲಿ ದೊಡ್ಡಪ್ಪ ಬರಿಗಾಲಲ್ಲೇ ಹೊರಗೋಡಿ ಬಂದರು. “ಏ, ನಿಲ್ಲಯ್ಯ! ಕಾಫಿ ಮೊದಲು ಬರ್ಬೇಕು, ಟೀ ಆಮೇಲೆ!”

ಪ್ರೆಸ್ಸಿನವನು ತಿರುಗಿಯೂ ನೋಡದೆ ವೇಗ ಹೆಚ್ಚಿಸಿದ. ನಿಘಂಟು ‘ಅ’ದಿಂದ ‘ಚ’ಕ್ಕೆ ಬರುವಷ್ಟರಲ್ಲಿ ಅವನಿಗೆ ಈ ಪದದ ಅರ್ಥ ಚೆನ್ನಾಗಿಯೇ ತಿಳಿದುಹೋಗಿತ್ತು.