ತಕ್ಷಣದಿಂದ ಜಾರಿ

ಮುಖ್ಯಾಧಿಕಾರಿ ಶ್ರೀರಂಗ ಒಂಬತ್ತನೆಯ ವಿಷಯ ಓದಿ ಮುಗಿಸುವ ಮೊದಲೇ ಸದಸ್ಯರು ಮೇಜು ಕುಟ್ಟಿದರು. ಆ ಪುರಸಭೆಯಲ್ಲಿ ಮೇಜು ಕುಟ್ಟಿದರೆ ಮಂಜೂರು. ಕೈ ಎತ್ತಿಸಿ ಎಣಿಸುವ ರೂಢಿ ಇರಲಿಲ್ಲ. ಬಜೆಟ್ಟಿನ ಖೋತಾ ತುಂಬಿಸಲು ಕರೆದ ಖರ್ಚು ಕಡಿತದ ಸಭೆ ಅದು. 'ಆದಾಯ ತಾರದ ಪುರಸಭೆಯ ಶೌಚಾಲಯಗಳನ್ನೆಲ್ಲ ತಕ್ಷಣದಿಂದ ಮುಚ್ಚುವುದು' ಎಂಬುದು ಒಂಬತ್ತನೆಯ ವಿಷಯ. ಹಾಗೆಂದರೆ ತರಕಾರಿ ಬಜಾರಿನ ಹೆಂಗಸರ ಸಂಡಾಸ ಎಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷ ಶಿವರಾಯ ಹದಿನೈದು ದಿನಗಳ ಹಿಂದೆಯೇ ಬಾಯಿಮಾತಿನಲ್ಲಿ ಅದಕ್ಕೆ ಬೀಗ ಹಾಕಿಸಿದ್ದ. ಈಗ ಬೇಕಾದದ್ದು ಸಭೆಯ ಒಪ್ಪಿಗೆ ಮಾತ್ರ. 'ಹೆಂಗಸರ' ಎಂಬ ಪದ ಇದ್ದರೆ ಪತ್ರಿಕೆಯವರು ಹಿಡಿದುಕೊಳ್ಳುತ್ತಾರೆಂದು ಅವನೇ ಅದನ್ನು ಹೊಡೆದುಹಾಕಿಸಿದ್ದ.

ಮೇಜು ಕುಟ್ಟಿದವರಲ್ಲಿ ಉಪಾಧ್ಯಕ್ಷೆ ಬಸವೇಶ್ವರಿಯೂ ಇದ್ದದ್ದು ಎಲ್ಲರಿಗೂ ಅಚ್ಚರಿ. ಆ ಸಂಡಾಸಿಗಾಗಿ ನಿನ್ನೆಯವರೆಗೆ ಜಗಳ ತೆಗೆದವಳು ಅವಳೇ. ನೆಲೋಗಿಯಿಂದ ಮೊದಲ ಬಸ್ಸಿಗೆ ಬಂದು ಸೊಪ್ಪು ಮಾರುವ ಮೆಹರಾಜಬೇಗಂಗೂ ಅವಳ ಜೊತೆಯವರಿಗೂ, ಇವತ್ತು ಬಾಗಿಲು ತೆಗೆಸಿಯೇ ಬರುತ್ತೇನೆಂದು ಮಾತು ಕೊಟ್ಟಿದ್ದಳು. ಬೆಳಗಿನಿಂದ ದೀಪ ಹಚ್ಚುವವರೆಗೆ ಬಜಾರಿನಲ್ಲಿ ಕೂರುವ ಆ ಹೆಂಗಸರಿಗೆ ಬೇರೆ ಜಾಗವಿರಲಿಲ್ಲ. ಅವರೆಲ್ಲ ಬುಟ್ಟಿಗಳನ್ನು ಹೊತ್ತುಕೊಂಡೇ ಬಂದು, ಪುರಸಭೆಯ ಕಟ್ಟಡದ ಸುತ್ತ ನಾಲ್ಕೂ ಗೋಡೆಗಳಿಗೆ ಒರಗಿ ಕುಳಿತಿದ್ದರು.

"ಈಗ ಹಾದಿಗಿ ಬಂದಿ ನೋಡು ತಂಗಿ," ಶಿವರಾಯ ಮಜ್ಜಿಗೆಯ ಎರಡನೆಯ ಗ್ಲಾಸು ಕೆಳಗಿಟ್ಟ. "ರೊಕ್ಕ ಇಲ್ಲಂದ್ರ ಎಲ್ಲಾರೂ ಹೊಟ್ಟಿ-ಬಾಯಿ ಕಟ್ಟಬೇಕು."

"ಖರೇ ಅದರಿ ಕಾಕಾ." ಅವಳು ಶ್ರೀರಂಗನತ್ತ ತಿರುಗಿದಳು. "ಠರಾವು ಪಾಸಾತಿಲ್ರಿ ಸಾಹೇಬ್ರ? ತಕ್ಷಣದಿಂದ ಜಾರಿ?"

"ಹೌದ್ರಿ ಮೇಡಂ. ತಕ್ಷಣದಿಂದ."

ಅವಳು ಎದ್ದು ಕೆಳಗಿಳಿದು ಹೋದಳು. ತಿರುಗಿ ಬಂದಾಗ ಕೈಯಲ್ಲೊಂದು ಬೀಗದ ಕೈ ಇತ್ತು. ಅದನ್ನು ಶ್ರೀರಂಗನ ಮುಂದಿಟ್ಟಳು. "ಕೆಳಗ ನಮ್ಮ ಆಫೀಸಿನ ಸಂಡಾಸಕ್ಕ ಕೀಲಿ ಜಡದು ಬಂದೇನ್ರಿ. ಅದರಿಂದನೂ ಪುರಸಭೆಗಿ ಒಂದು ಪೈಸಾ ಆದಾಯ ಇಲ್ಲ."

ಸಭೆ ಗೊಳ್ಳೆಂದು ನಕ್ಕಿತು. "ಭಾರಿ ಚಾಷ್ಟಿ ಮಾಡ್ತಿ ಬಿಡು," ಎಂದು ಶಿವರಾಯನೂ ನಕ್ಕ. "ನಡೀರಿ, ಮುಂದಿಂದು ಓದ್ರಿ."

ಬೀದಿದೀಪದ ಚರ್ಚೆ ಮುಗಿದು ಚರಂಡಿಯದು ಶುರುವಾಯಿತು. ಬಿಸಿಲು ಏರಿತು, ಮಜ್ಜಿಗೆ ಇಳಿಯಿತು. ಸಕ್ಕರೆ ಕಾಯಿಲೆಯ ಶಿವರಾಯ ಕುರ್ಚಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲತೊಡಗಿದ. ಬಜೆಟ್ಟಿನ ಒಪ್ಪಿಗೆಗೆ ಅಂದೇ ಕೊನೆಯ ದಿನವಾದ್ದರಿಂದ ಸಭೆ ಮುಂದೂಡುವಂತಿರಲಿಲ್ಲ; ಅದು ಮುಗಿಯುವವರೆಗೆ ಸದಸ್ಯರು ಯಾರೂ ಹೊರಗೆ ಹೋಗಕೂಡದೆಂದು ಶಿವರಾಯನೇ ತಾಕೀತು ಮಾಡಿದ್ದ. ಒಬ್ಬಿಬ್ಬರು ಸದಸ್ಯರು ಕಿಟಕಿಯವರೆಗೆ ಹೋಗಿ, ಕೆಳಗೆ ಬಗ್ಗಿ ನೋಡಿ, ಸುಮ್ಮನೆ ಬಂದು ಕುಳಿತರು. ಬಜಾರಿನ ಹೆಂಗಸರು ಕುಳಿತು ಯಾವ ಗೋಡೆಯ ಬುಡವೂ ಖಾಲಿ ಇರಲಿಲ್ಲ.

"ಸಾಹೇಬ್ರ, ಆ ಕೀಲಿಕೈ ಇಲ್ಲಿ ಕೊಡ್ರಿ," ಶಿವರಾಯ ಕೈ ಚಾಚಿದ.

ಶ್ರೀರಂಗ ಕನ್ನಡಕ ಸರಿಮಾಡಿಕೊಂಡ. "ಪಾಸಾದ ಠರಾವರಿ ಸರ್. ಬಾಯಿಮಾತಿನ ಮ್ಯಾಲ ತೆಗಿಲಿಕ್ಕ ಬರೂದಿಲ್ಲ. ಸಭೆನೇ ಬದಲಿ ಮಾಡಬೇಕು, ಅದೂ ಇವತ್ತೇ ಆಗಬೇಕಂದ್ರ ಒಬ್ಬರೂ ಬಿಡದಂಗ ಎಲ್ಲಾರೂ ಒಪ್ಪಬೇಕು."

"ಹಂಗಾದ್ರ ನಾ ಮನಿಗಿ ಹೋಗಿ ಬರ್ತೇನಿ. ಐದೇ ಮಿನಿಟು."

"ಸಾವಕಾಶ ಹೋಗಿ ಬರ್ರಿ ಕಾಕಾ," ಎಂದಳು ಬಸವೇಶ್ವರಿ. "ನೀವು ಎದ್ರ ಆ ಕುರ್ಚಿ ನಂದು. ಬಜಾರ ಕರದ ವಿಷಯ ನಾನಾ ತಗೋತೇನಿ."

ಅರ್ಧ ಎದ್ದಿದ್ದ ಶಿವರಾಯ ಮತ್ತೆ ಕುಳಿತ. ಬಜಾರಿನ ಹೆಂಗಸರು ಕೊಡುವ ಕರ ಯಾವ ಬಾಬತ್ತಿಗೆ ಖರ್ಚಾಗುತ್ತಿದೆ ಎಂದು ಅವಳು ಪ್ರತಿ ಸಭೆಯಲ್ಲಿಯೂ ಕೇಳುತ್ತಿದ್ದಳು, ಅವನು ಪ್ರತಿ ಸಲವೂ ಮುಂದಿನ ಸಭೆಗೆ ದೂಡುತ್ತಿದ್ದ. ಅದರಲ್ಲಿ ಬಹುಪಾಲು ಅವನ ಜೀಪಿನ ಡೀಸೆಲ್ಲಾಗಿ ಸುಟ್ಟುಹೋಗುತ್ತಿತ್ತು.

"ನಿನಗ ಏನು ಬೇಕು ಹೇಳವಾ." ಅವನ ದನಿ ಸಣ್ಣಗಾಗಿತ್ತು.

"ಒಂಬತ್ತನೇದು ರದ್ದಾಗ್ಲಿ. ಬಜಾರದ ರೊಕ್ಕ ಮೊದಲ ಬಜಾರಕ್ಕ ಖರ್ಚಾಗ್ಲಿ. ಎಷ್ಟು ಬಂತು, ಎಲ್ಲಿ ಹೋತು ಅಂತ ತಿಂಗಳ ತಿಂಗಳ ಅಲ್ಲೇ ಗ್ವಾಡಿ ಮ್ಯಾಲ ಬರಸ್ರಿ. ನಿಮ್ಮ ಜೀಪಿಂದೂ ಹಿಡಿದು."

"ಜೀಪಿಂದೂ?"

"ನನಗೇನು ಅವಸರ ಇಲ್ರಿ ಕಾಕಾ. ಇನ್ನಾ ಮಜ್ಜಿಗಿ ಅದ. ತರಸ್ಲೇನು?"

"ಒಪ್ಕೋರಿ ಅಧ್ಯಕ್ಷರ!" ಹಿಂದಿನ ಸಾಲಿನಿಂದ ಸದಸ್ಯ ನಾಗಣ್ಣ ಚೀರಿದ. "ನಿಮ್ಮ ಕಾಲ ಬೀಳ್ತೇನಿ, ಒಪ್ಕೋರಿ!"

ಶಿವರಾಯ ಕಣ್ಣು ಮುಚ್ಚಿ ತಲೆಯಾಡಿಸಿದ. ಮೇಜುಗಳ ಮೇಲೆ ಗುಡುಗು ಬಿದ್ದಂತಾಯಿತು.

"ಕುಟ್ಟೂದು ಬ್ಯಾಡ್ರಿ," ಎಂದಳು ಬಸವೇಶ್ವರಿ. "ಕೈ ಎತ್ರಿ. ಸಾಹೇಬ್ರು ಎಣಸ್ಲಿ. ಬರದದ್ದು ಪೂರಾ ಓದ್ಲಿ."

ಶ್ರೀರಂಗ ಕೈಗಳನ್ನು ಒಂದೊಂದಾಗಿ ಎಣಿಸಿದ. ಶಿವರಾಯ ಎರಡೂ ಕೈ ಎತ್ತಿದ್ದ. ಶ್ರೀರಂಗ ಅದರಲ್ಲಿ ಒಂದನ್ನು ಕೆಳಗಿಳಿಸಲು ಹೇಳಿ ಮತ್ತೆ ಮೊದಲಿನಿಂದ ಎಣಿಸಿದ. ಆಮೇಲೆ ಅಷ್ಟೇ ನಿಧಾನವಾಗಿ ಬರೆದ, ಅಷ್ಟೇ ನಿಧಾನವಾಗಿ ಓದಿದ. ಅವನು ಸಹಿ ಮಾಡುವ ಹೊತ್ತಿಗೆ ಮೇಜಿನ ಮೇಲಿದ್ದ ಕೀಲಿಕೈ ಮಾಯವಾಗಿ, ಸಭಾಂಗಣ ಖಾಲಿಯಾಗಿ, ಮೆಟ್ಟಿಲುಗಳ ಮೇಲೆ ಚಪ್ಪಲಿಗಳ ಸದ್ದಷ್ಟೇ ಉಳಿದಿತ್ತು.

ಬಸವೇಶ್ವರಿ ಬಜಾರಿನ ಬೀಗದ ಕೈಯನ್ನು ಶ್ರೀರಂಗನಿಂದ ಇಸಿದುಕೊಂಡು ಹೊರಗೆ ಬಂದಳು. ಗೋಡೆಗೆ ಒರಗಿದ್ದ ಮೆಹರಾಜಬೇಗಂಳ ಅಂಗೈಯಲ್ಲಿ ಅದನ್ನಿಟ್ಟಳು.

"ಖುಲಾ ಆತೇನ್ರಿ ಬಾಯಿ?"

"ಆತು ಚಾಚಿ. ನಿಮ್ಮ ಕೈಲೇ ತೆಗೀರಿ."

ಮೆಹರಾಜಬೇಗಂ ಕೂಡಲೇ ಏಳಲಿಲ್ಲ. ಸೊಪ್ಪಿಗೆ ಚಿಮುಕಿಸಲು ತಂದಿದ್ದ ನೀರಿನ ಬಾಟಲಿಯನ್ನು ಬುಟ್ಟಿಯಿಂದ ತೆಗೆದು, ತಲೆ ಹಿಂದಕ್ಕೆ ಚೆಲ್ಲಿ, ಹದಿನೈದು ದಿನಗಳಲ್ಲಿ ಮೊದಲ ಸಲ ಹಾಡಹಗಲೇ ಗಟಗಟನೆ ಖಾಲಿ ಮಾಡಿದಳು. ಅವಳನ್ನು ನೋಡಿ ಪಕ್ಕದವಳು ಎತ್ತಿದಳು, ಅವಳ ಪಕ್ಕದವಳೂ ಎತ್ತಿದಳು. ಗೋಡೆಯ ಉದ್ದಕ್ಕೂ ಬಾಟಲಿಗಳು ಬಿಸಿಲಲ್ಲಿ ಹೊಳೆಯುತ್ತ ಮೇಲೆದ್ದವು.