ಕೌನ್ಸೆಲಿಂಗಿಗೆ ಬಂದ ಮುದ್ದಮ್ಮ

"ಇವತ್ತು ಮುದ್ದಮ್ಮನಿಗೆ ಕೌನ್ಸೆಲಿಂಗ್ ನೀವೇ ಮಾಡಿ," ಎಂದು ಮದನ್ ಅರ್ಪಿತಳಿಗೆ ಹೇಳಿದ. ನಂಜನಗೂಡಿನ ಹೊರಗಿನ ಆ ಗಾರ್ಮೆಂಟ್ಸಿನಲ್ಲಿ ಅವಳು ಸೂಪರ್‌ವೈಸರ್ ಆಗಿ ಇನ್ನೂ ವಾರ ತುಂಬಿರಲಿಲ್ಲ. ಅವಳಿಗೆ ಕಾಲರ್ ಹೊಲಿಯುವುದನ್ನು ಕಲಿಸಿದವಳೇ ತಗಡೂರಿನ ಮುದ್ದಮ್ಮ.

ಮದನ್ ಎಚ್‌ಆರ್ ವಿಭಾಗದ ಹುಡುಗ. ಮೈಸೂರಿನಲ್ಲಿ ತರಬೇತಿ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದ; ಅದರ ಬಿಸಿ ಇನ್ನೂ ಆರಿರಲಿಲ್ಲ. "ಮೂರನ್ನೂ ಬೆರೆಸಬೇಡಿ ಮತ್ತೆ. ಹಿರಿಯರು ಕಿರಿಯರನ್ನ ವರ್ಷಗಟ್ಟಲೆ ಜೊತೇಲಿಟ್ಟುಕೊಂಡು ಬೆಳೆಸೋದು ಮೆಂಟರಿಂಗ್. ಒಂದು ಕೆಲಸ ಹಿಡಿದು, ತಿದ್ದಿ, ಗುರಿ ಮುಟ್ಟಿಸೋದು ಕೋಚಿಂಗ್. ಮನಸ್ಸಿನ ಕಷ್ಟ ಕೇಳೋದು ಕೌನ್ಸೆಲಿಂಗ್. ಮುದ್ದಮ್ಮ ದಿನಕ್ಕೆ ಹೊಲಿಯೋ ಪೀಸು ಕೆಲವು ದಿನದಿಂದ ಕಡಿಮೆ ಬೀಳ್ತಿದೆ. ಇವತ್ತು ಸಂಜೆಗೂ ಟಾರ್ಗೆಟ್ ಆಗದಿದ್ರೆ ಸೋಮವಾರದಿಂದ ಮೆಷಿನ್ ಬಿಡಿಸಿ ದಾರ ಕತ್ತರಿಸೋಕೆ ಹಾಕ್ತಾರೆ. ಸಂಬಳಾನೂ ಇಳಿಯುತ್ತೆ."

ಮುದ್ದಮ್ಮ ಬಂದು ಎಸಿ ಕೋಣೆಯ ಕುರ್ಚಿಯ ಅಂಚಿನಲ್ಲಿ ಕುಳಿತಳು. ಸೆರಗಿಗೆ ಅಂಟಿದ್ದ ನೂಲೆಳೆಗಳನ್ನು ಒಂದೊಂದಾಗಿ ಕಿತ್ತು, ಒರೆಸಿದ ನೆಲಕ್ಕೆ ಹಾಕಲು ಮನಸ್ಸಾಗದೆ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನಿಮ್ಮ ಭಾವನೆಗಳನ್ನು ಮುಕ್ತವಾಗಿ ಹಂಚಿಕೊಳ್ಳಬಹುದು," ಎಂದಳು ಅರ್ಪಿತ.

"ಯಾಕವ್ವಾ, ಗಂಟ್ಲು ಕಟ್ಕಂಡದಾ? ಟೀವಿಲಿ ವಾರ್ತೆ ಓದೋವ್ಳಂಗೆ ಮಾತಾಡ್ತೀಯೆ."

"ಇದು ಕೌನ್ಸೆಲಿಂಗ್ ಕಣಕ್ಕ. ಹಿಂಗೇ ಮಾತಾಡ್ಬೇಕಂತೆ."

"ಇಂಗಲ್ಲ ಕಣ್ ಮಗ. ಕರೆಸ್ದೋರಿಗೆ ಮೊದ್ಲು ನೀರು ಕೊಡು." ಅರ್ಪಿತ ಎದ್ದು ನೀರು ಕೊಟ್ಟಳು. ಮುದ್ದಮ್ಮ ಕುಡಿದು ಬಾಯಿ ಒರೆಸಿಕೊಂಡಳು. "ಈಗ ಪೀಸು ಯಾಕೆ ಕಮ್ಮಿ ಅಂತ ಕೇಳು. ಅದ್ಕೇ ತಾನೆ ಕರ್ಸಿರದು? ಗಟ್ಟಿಯಾಗಿ ಕೇಳು. ಅಂಜ್ಕಂಡ್ರೆ ನಾಳಿಕೆ ಲೈನಲ್ಲಿ ಯಾರೂ ನಿನ್ ಮಾತು ಕೇಳಕ್ಕಿಲ್ಲ."

"ಪೀಸು ಯಾಕೆ ಕಮ್ಮಿ?" ಅರ್ಪಿತ ಗಟ್ಟಿಯಾಗಿಯೇ ಕೇಳಿದಳು.

"ಆಂ, ಇವಾಗ ಸರಿಯಾಯ್ತು. ವಯಸ್ಸಾಯ್ತಂತೆ ಅಂತ ಏಳ್ಬುಡು ಆ ಉಡುಗುಂಗೆ." ಮುದ್ದಮ್ಮ ಎದ್ದು, ನೂಲೆಳೆಗಳನ್ನು ಕಸದ ಬುಟ್ಟಿಗೆ ಹಾಕಿ, ಹೊರಟೇಬಿಟ್ಟಳು.

ವಯಸ್ಸಿನ ಮಾತು ಅರ್ಪಿತಳಿಗೆ ಒಪ್ಪಿಗೆಯಾಗಲಿಲ್ಲ. ಲೈನಿನ ತುದಿಯಲ್ಲಿ ನಿಂತು ನೋಡಿದಳು. ಮುದ್ದಮ್ಮನ ಕೈ ಮೊದಲಿನಷ್ಟೇ ಚುರುಕಾಗಿತ್ತು. ಆದರೆ ಅದು ಆಗಾಗ ಪಕ್ಕದ ಮೆಷಿನ್ನಿಗೆ ಹೋಗುತ್ತಿತ್ತು. ಅಲ್ಲಿದ್ದವಳು ಯಶೋಧರಾ, ಹೊಸದಾಗಿ ಸೇರಿದ ಹುಡುಗಿ. ಬೇಗ ಕೈ ಕುದುರದಿದ್ದರೆ ಮನೆಗೆ ಕಳಿಸಿಬಿಡುತ್ತಾರೆ. ಅವಳು ಸೊಟ್ಟಗೆ ಹೊಲಿದ ಕಾಲರನ್ನು ಮುದ್ದಮ್ಮ ತೊಡೆಯ ಮೇಲೆ ಎಳೆದುಕೊಂಡು ಬಿಚ್ಚಿ, ತುದಿ ತಿರುಗಿಸುವುದು ಹೇಗೆಂದು ತೋರಿಸಿ, ಹೊಲಿದು, ಹುಡುಗಿಯ ಲೆಕ್ಕಕ್ಕೆ ಸೇರಲೆಂದು ಅವಳ ಟ್ರೇಗೇ ಹಾಕುತ್ತಿದ್ದಳು. ಕಣ್ಣೊರೆಸಿಕೊಳ್ಳುತ್ತಿದ್ದ ಹುಡುಗಿಗೆ ಏನೋ ಹೇಳಿ ನಗಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಅದೇ ಮೆಷಿನ್ನಿನಲ್ಲಿ ಕುಳಿತಿದ್ದವಳು ಅರ್ಪಿತ. ಆಗಲೂ ಸಂಜೆಯಾದರೆ ಸೂಪರ್‌ವೈಸರ್ ಮುದ್ದಮ್ಮನ ಮೇಲೆ ಕೂಗಾಡುತ್ತಿದ್ದ. ಪಾಪ, ಮುದ್ದಕ್ಕನ ಕೈ ನಿಧಾನ ಎಂದುಕೊಂಡು ಅರ್ಪಿತ ಮನೆಗೆ ಹೋಗುವ ವ್ಯಾನಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಡುತ್ತಿದ್ದಳು. ತನ್ನ ಟ್ರೇ ಮಾತ್ರ ದಿನವೂ ಹೇಗೆ ತುಂಬುತ್ತದೆಂದು ಯೋಚಿಸಿರಲಿಲ್ಲ.

ಟೀ ಆದ ಮೇಲೆ ಅವಳು ಮುದ್ದಮ್ಮನ ಹಿಂದಿನ ಖಾಲಿ ಮೆಷಿನ್ನಿಗೆ ಕುಳಿತು, ಮುದ್ದಮ್ಮ ಹೊಲಿಯಬೇಕಿದ್ದ ಕಟ್ಟಿನಿಂದ ಒಂದು ಹಿಡಿ ಕಾಲರ್ ಎತ್ತಿಕೊಂಡಳು.

"ಮೇಡಮ್ಮೋರು ಒಲಿಯೋಕೆ ಕುಂತ್ರೆ ಲೈನ್ ನೋಡೋರ್ಯಾರು?"

"ಇಲ್ಲಿಂದ್ಲೂ ಕಾಣ್ತದೆ ಮುದ್ದಕ್ಕ. ನಿಮ್ಮ ವಯಸ್ಸು ಯಾರ ಟ್ರೇಲಿ ಬೀಳ್ತದೆ ಅಂತಾನೂ ಕಾಣ್ತದೆ."

ಮುದ್ದಮ್ಮ ಹಿಂದಕ್ಕೆ ಕೈ ಚಾಚಿದಳು. ಅರ್ಪಿತ ಹೊಲಿದ ಮೊದಲ ಕಾಲರನ್ನು ಎತ್ತಿ ನೋಡಿ, ತಿರುಗಿ ಅವಳ ಮಡಿಲಿಗೇ ಎಸೆದಳು. "ಅಭ್ಯಾಸ ತಪ್ಪೋಗದೆ. ಬಿಚ್ಚು." ಯಶೋಧರಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಸಂಜೆ ಮದನ್ ಬಂದಾಗ ಮುದ್ದಮ್ಮನ ಟ್ರೇ ತುಂಬಿತ್ತು. "ನೋಡಿದ್ರಾ, ಕೌನ್ಸೆಲಿಂಗ್ ಅಂದ್ರೆ ಇದು!" ಎಂದು ಹಿಗ್ಗಿದ. ಆಮೇಲೆ ಮೆಷಿನ್ನಿಗೆ ಬಗ್ಗಿದ್ದ ಅರ್ಪಿತಳನ್ನು ಕಂಡು ಹುಬ್ಬು ಗಂಟಿಕ್ಕಿದ. "ನೀವ್ಯಾಕೆ ಇಲ್ಲಿ ಕೂತಿದ್ದೀರಿ? ಇದು ಮೂರರಲ್ಲಿ ಯಾವುದು?"

ಮುದ್ದಮ್ಮ ಯಶೋಧರಾಳ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ಇದಾ ಸಾ? ಕಾಲರು. ಒಸಿ ಅತ್ಲಾಗಿ ನಿಂತ್ಕಳಿ, ಈ ಕೂಸಿನ ಸೂಜಿ ಮ್ಯಾಲೆ ಬೆಳಕು ಬೀಳ್ಲಿ."